ನಾಲ್ಕು ಸಾಲಿನ ಸುದ್ದಿಯ ಬೆನ್ನು ಹತ್ತಿ

ಮೈಸೂರಿನ ಅಗ್ರಹಾರದ ಕಡೆ ಬೆಳಗಿನ ಜಾವ ನಾಲ್ಕೂಕಾಲಕ್ಕೆ ಎದ್ದು ಓಡಾಡುವವರೆಂದರೆ ಹಾಲಿನವರು, ಹೂವಿನವರು, ಪೇಪರಿನವರು, ಅಷ್ಟೇ. ಬೀಗ ಹಾಕಿದ ಬಟ್ಟೆ ಅಂಗಡಿಯ ಜಗುಲಿಯ ಮೇಲೆ, ಬೀದಿದೀಪದ ಬೆಳಕು ಎಲ್ಲಿಯವರೆಗೆ ಬೀಳುತ್ತದೋ ಅಷ್ಟಗಲಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿಕೊಂಡು ಏಳೆಂಟು ಜನ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ಮಂಕಿ ಟೋಪಿ, ಮಫ್ಲರು, ಒಬ್ಬನ ಹೆಗಲ ಮೇಲೆ ಹೆಂಡತಿಯ ಹಳೇ ಶಾಲು. ವ್ಯಾನು ಬಂದು, ಎಂಜಿನ್ ಆರಿಸದೆಯೇ ಬಂಡಲುಗಳನ್ನು ಧೊಪ್ ಧೊಪ್ ಎಂದು ಇಳಿಸಿ ಮುಂದಿನ ಸ್ಟಾಪಿಗೆ ಓಡುತ್ತದೆ. ಪ್ಲಾಸ್ಟಿಕ್ ಪಟ್ಟಿಯನ್ನು ಬ್ಲೇಡಿನಿಂದ ಸೀಳಿದ್ದೇ ತಡ, ಬಿಗಿಯಾಗಿ ಅಮುಕಿಕೊಂಡಿದ್ದ ಕಾಗದ ಸಡಿಲಾಗಿ ಉಬ್ಬುತ್ತದೆ. ಅದರೊಳಗಿಂದ ಹಸಿ ಶಾಯಿಯ ಘಾಟು ಏಳುತ್ತದೆ. ಸೀಮೆಎಣ್ಣೆಯದೂ ಅಲ್ಲ, ಬಣ್ಣದ್ದೂ ಅಲ್ಲ, ಪೇಪರಿನದೇ ವಾಸನೆ. ಮನೆ ಬಾಗಿಲಿಗೆ ಬರುವ ಹೊತ್ತಿಗೆ ಅದು ಮುಕ್ಕಾಲು ಪಾಲು ಆರಿರುತ್ತದೆ.

ಆಮೇಲೆ ಕೈಗಳ ಕೆಲಸ. ಎಡಗೈ ಮುಖ್ಯ ಸಂಚಿಕೆಯನ್ನು ಬಿಡಿಸುತ್ತದೆ, ಬಲಗೈ ಪುರವಣಿಯನ್ನು ಒಳಗೆ ಸರಿಸುತ್ತದೆ, ಅದರೊಳಗೆ ಟ್ಯೂಷನ್ ಸೆಂಟರಿನ ಹಳದಿ ಪಾಂಪ್ಲೆಟ್ಟು, ಮೇಲೊಂದು ತಟ್ಟು, ಪಕ್ಕಕ್ಕೆ. ಬಿಡಿಸು, ಸರಿಸು, ತಟ್ಟು. ಮಾತು ನಿಂತರೂ ಈ ಲಯ ನಿಲ್ಲುವುದಿಲ್ಲ. ‘ಸರಸ್ವತಿಪುರಂ ಲೈನಿಗೆ ಎರಡು ಕಮ್ಮಿ ಬಂದೈತೆ ಕಣೋ, ಆ ಮೇಷ್ಟ್ರು ಮನೆಗೆ ಮೊದಲು ಹಾಕ್ಬಿಡು, ಇಲ್ಲಾಂದ್ರೆ ಆರೂವರೆಗೇ ಫೋನ್ ಮಾಡ್ತಾರೆ’ ಎನ್ನುತ್ತಾರೆ ಏಜೆಂಟರು. ಅವರ ಬೆರಳ ತುದಿಗಳೆಲ್ಲ ಆಗಲೇ ಕಪ್ಪು. ಒಂದು ಕಾಲಕ್ಕೆ ಈ ಜಗುಲಿಯ ತುಂಬ ಹೈಸ್ಕೂಲು ಹುಡುಗರು. ಸೈಕಲ್ ತುಳಿದು ಫೀಸಿನ ದುಡ್ಡು ಮಾಡಿಕೊಂಡವರು ಈಗ ಬ್ಯಾಂಕಿನಲ್ಲಿ, ಕೋರ್ಟಿನಲ್ಲಿ ಇದ್ದಾರೆ. ಇವತ್ತು ಇಲ್ಲಿರುವವರಲ್ಲಿ ಹೆಚ್ಚಿನವರು ನಲವತ್ತು ದಾಟಿದವರು. ಸೈಕಲ್ಲಿನ ಜಾಗದಲ್ಲಿ ಮೊಪೆಡ್ಡು, ಹಗಲು ಇನ್ನೊಂದು ಕೆಲಸ. 2020ರಲ್ಲಿ ಕೊರೊನಾ ಬಂದಾಗ ಕಾಗದಕ್ಕೂ ರೋಗ ಅಂಟಿಕೊಂಡಿರುತ್ತದೆ ಎಂದು ಹೆದರಿದ ಜನ ಪೇಪರ್ ಬೇಡವೆಂದರು. ಭಯ ಹೋಯಿತು, ಹೋದ ಮನೆಗಳೆಲ್ಲ ವಾಪಸು ಬರಲಿಲ್ಲ. ಆ ಮನೆಗಳ ಮುಂದೆ ಹಾದುಹೋಗುವಾಗ ಕೈ ತಾನಾಗಿಯೇ ಚೀಲಕ್ಕೆ ಹೋಗುತ್ತದೆ ಎಂದು ಒಬ್ಬರು ನಗುತ್ತಾ ಹೇಳಿದರು.

ನೀವೂ ಒಂದು ಪ್ರತಿ ತೆಗೆದುಕೊಳ್ಳಿ, ಈ ಬೆಳಕಿಗೆ ಹಿಡಿಯಿರಿ. ಮೊದಲ ಪುಟದ ದೊಡ್ಡವರ ಜಗಳ ಬೇಡ. ಐದನೇ ಪುಟದ ಎಡಗಡೆ ತಳಕ್ಕೆ ಬನ್ನಿ. ತಿ. ನರಸೀಪುರ ತಾಲ್ಲೂಕಿನ ಹಳ್ಳಿಯೊಂದರ ಹೊರವಲಯದಲ್ಲಿ ಚಿರತೆ ದಾಳಿ, ಮೇಕೆ ಸಾವು. ಅರಣ್ಯ ಇಲಾಖೆಯಿಂದ ಬೋನು. ಜಾಲತಾಣಗಳಲ್ಲಿ ಹರಿದಾಡುತ್ತಿರುವ ವಿಡಿಯೊ ಈ ಭಾಗದ್ದಲ್ಲ ಎಂದು ವಲಯ ಅರಣ್ಯಾಧಿಕಾರಿ ತಿಳಿಸಿದ್ದಾರೆ. ನಾಲ್ಕು ಸಾಲು, ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಜಾಗ. ಕಾಫಿ ಕುಡಿಯುತ್ತಾ ಓದುವವರ ಕಣ್ಣು ಇದರ ಮೇಲೆ ಎರಡು ಸೆಕೆಂಡು ನಿಂತರೆ ಹೆಚ್ಚು.

ಹಾಗೇ ಕೊನೆಯ ಪುಟ ತಿರುಗಿಸಿ. ತೀರಾ ತಳದಲ್ಲಿ, ಕನ್ನಡಕವಿಲ್ಲದೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿದೆ. ಅಚ್ಚು ಹಾಕಿದವರು ಯಾರು, ಪ್ರಕಟಿಸಿದವರು ಯಾರು, ಎಲ್ಲಿ ಅಚ್ಚಾಯಿತು, ಸಂಪಾದಕರು ಯಾರು. ಇಡೀ ಪತ್ರಿಕೆಯಲ್ಲಿ ಯಾರೂ ಓದದ ಸಾಲು ಇದೇ ಇರಬೇಕು. 1867ರ ಪತ್ರಿಕಾ ಕಾಯ್ದೆ ಇದನ್ನು ಕಡ್ಡಾಯ ಮಾಡಿತು. ತಮಗೆ ಆಗದ್ದು ಅಚ್ಚಾದರೆ ಯಾರ ಕುತ್ತಿಗೆ ಹಿಡಿಯಬೇಕೆಂದು ಗೊತ್ತಿರಲಿ ಎಂಬುದು ಬ್ರಿಟಿಷರ ಲೆಕ್ಕಾಚಾರ. ಆ ಕಾಯ್ದೆಯ ಜಾಗಕ್ಕೆ 2023ರ ಹೊಸ ಕಾಯ್ದೆ ಬಂದು, 2024ರ ಮಾರ್ಚ್‌ನಿಂದ ಜಾರಿಯಾಗಿದೆ. ಸಾಲು ಮಾತ್ರ ಪುಟದ ತಳದಲ್ಲಿ ಹಾಗೇ ಕೂತಿದೆ. ದೊರೆಗಳಿಗೆಂದು ಮಾಡಿದ ಏರ್ಪಾಡು ಓದುಗನಿಗೂ ಉಪಯೋಗಕ್ಕೆ ಬಂತು. ಸುಳ್ಳು ಬರೆದರೆ ಬಾಗಿಲು ತಟ್ಟಲು ಒಂದು ವಿಳಾಸ ಸಿಕ್ಕಿತು. ನಿಮ್ಮ ಜೇಬಿನಲ್ಲಿರುವ ಫೋನಿಗೆ ಅದೇ ಚಿರತೆಯ ವಿಡಿಯೊ ಬಂದಿದೆಯಲ್ಲ, ಅದರ ತಳದಲ್ಲಿ ಇಂಥ ಸಾಲು ಇದೆಯೇ ನೋಡಿ. ‘ಫಾರ್ವರ್ಡೆಡ್ ಮೆನಿ ಟೈಮ್ಸ್’ ಎಂದಷ್ಟೇ ಇರುತ್ತದೆ.

ಈ ನಾಲ್ಕು ಸಾಲು ಎಷ್ಟು ಕೈ ದಾಟಿ ಈ ಜಗುಲಿಗೆ ಬಂತು, ಯಾರು ಯಾರು ಇದಕ್ಕೆ ಹೊಣೆ ಹೊತ್ತರು ಎಂದು ಹಿಂದು ಹಿಂದಕ್ಕೆ ಹೋಗಿ ನೋಡೋಣ, ಬನ್ನಿ.

ಮೂರು ಗಂಟೆ ಹಿಂದೆ. ಊರಾಚೆಯ ಕೈಗಾರಿಕಾ ಪ್ರದೇಶದ ಶೆಡ್ಡು. ಬಾಗಿಲು ತೆಗೆದರೆ ಮೊದಲು ಶಬ್ದ ಬಂದು ಎದೆಗೆ ತಾಕುತ್ತದೆ, ಕಿವಿಗೆ ಆಮೇಲೆ. ನೆಲವೇ ಸಣ್ಣಗೆ ನಡುಗುತ್ತಿರುತ್ತದೆ. ಆಳೆತ್ತರದ ಕಾಗದದ ಸುರುಳಿಗಳು ಮೂಲೆಯಲ್ಲಿ ಸಾಲಾಗಿ ನಿಂತಿವೆ. ಒಂದೊಂದೂ ನೂರಾರು ಕಿಲೋ. ಯಂತ್ರಕ್ಕೆ ಏರಿಸಿದ ಸುರುಳಿಯಿಂದ ಬಿಳಿ ಹಾಳೆ ಮೇಲೆ ಹತ್ತಿ, ಕೆಳಗಿಳಿದು, ನೀಲಿ, ಕೆಂಪು, ಹಳದಿ, ಕಪ್ಪು ಎಂದು ನಾಲ್ಕು ಬಣ್ಣ ಮೆತ್ತಿಸಿಕೊಂಡು, ಕತ್ತರಿಸಿ ಮಡಿಚಿಕೊಂಡು ಆಚೆ ತುದಿಯಲ್ಲಿ ಪತ್ರಿಕೆಯಾಗಿ ಉದುರುತ್ತದೆ. ಗಂಟೆಗೆ ಮೂವತ್ತು ನಲವತ್ತು ಸಾವಿರ ಪ್ರತಿ ಉದುರಿಸುವ ಯಂತ್ರಗಳಿವು. ಮೊದಲ ಕೆಲವು ನೂರು ಪ್ರತಿ ಯಾರಿಗೂ ಬೇಡ: ಬಣ್ಣದ ಮೇಲೆ ಬಣ್ಣ ಕೂತಿರುವುದಿಲ್ಲ, ಮುಖ್ಯಮಂತ್ರಿಗೆ ಎರಡೆರಡು ಮೂಗು. ಪಾಳಿಯ ಮುಖ್ಯಸ್ಥರು ಓಡುವ ಸಾಲಿನಿಂದ ಒಂದೊಂದು ಪ್ರತಿ ಎಳೆದು, ಮೇಜಿನ ಮೇಲೆ ಹರಡಿ, ಭೂತಗನ್ನಡಿ ಇಟ್ಟು ಪುಟದ ಅಂಚಿನ ನಾಲ್ಕು ಪುಟ್ಟ ಚುಕ್ಕಿಗಳನ್ನು ನೋಡುತ್ತಾರೆ. ಬೆರಳೆತ್ತಿ ಸನ್ನೆ ಮಾಡುತ್ತಾರೆ. ಇಲ್ಲಿ ಮಾತಾಡಿ ಉಪಯೋಗವಿಲ್ಲ, ಎಲ್ಲ ಸನ್ನೆಯಲ್ಲೇ.

ಚಹಾದ ಹೊತ್ತಿನಲ್ಲಿ ಹೊರಗೆ ಬಂದು ಬೀಡಿ ಹಚ್ಚಿದಾಗ ಅವರ ಬಾಯಿ ಬಿಚ್ಚುತ್ತದೆ. ನಿವೃತ್ತಿಗೆ ಹತ್ತಿರ ಬಂದವರು. ಮೀಸೆ ಮೂಡುವ ಮುಂಚೆ ಮೊಳೆ ಜೋಡಿಸಲು ಸೇರಿದವರು. ಸೀಸದ ಅಕ್ಷರಗಳನ್ನು ಗೂಡುಗೂಡಾದ ಮರದ ಕೇಸಿನಿಂದ ಹೆಕ್ಕಿ, ಕೈಯಲ್ಲಿನ ಸ್ಟಿಕ್ಕಿನಲ್ಲಿ ಒಂದೊಂದಾಗಿ ನಿಲ್ಲಿಸುವುದು. ಇಂಗ್ಲಿಷಿನ ಕೇಸಿನಂತಲ್ಲ ಕನ್ನಡದ್ದು. ಕಾಗುಣಿತಕ್ಕೊಂದು ಗೂಡು, ಒತ್ತಿಗೊಂದು ಗೂಡು. ಅಕ್ಷರಗಳೆಲ್ಲ ಮಗುಚಿಕೊಂಡಿರುತ್ತವೆ, ಆದರೂ ಓದುತ್ತಾ ಓದುತ್ತಾ ಜೋಡಿಸುವವರಿದ್ದರು. ‘ಸಬ್ ಎಡಿಟರ್ ಬರೆದಿದ್ದು ತಪ್ಪಿದ್ರೆ ನಾವೇ ಹೋಗಿ ಕೇಳೋವು ಸಾರ್. ಈ ಊರಿಗೂ ಆ ಹೊಳೆಗೂ ಸಂಬಂಧವೇ ಇಲ್ವಲ್ಲ, ಹೆಂಗೆ ಕೊಚ್ಕೊಂಡು ಹೋಯ್ತು ಸೇತುವೆ ಅಂತ.’ ಜೋಡಿಸಿದ್ದಕ್ಕೆ ಗ್ಯಾಲಿ ಪ್ರೂಫು, ಅದನ್ನು ತಿದ್ದಲು ಪ್ರೂಫ್ ರೀಡರು, ಪುಟ ಕಟ್ಟಿದ ಮೇಲೆ ಮತ್ತೊಂದು ಪ್ರೂಫು. ಸುದ್ದಿ ನಿಧಾನವಾಗಿ ಅಚ್ಚಾಗುತ್ತಿತ್ತು, ಆ ನಿಧಾನದಲ್ಲೇ ನಾಲ್ಕು ಜೊತೆ ಕಣ್ಣು ಅದರ ಮೇಲೆ ಹಾದುಹೋಗುತ್ತಿದ್ದವು. ಯಾರೂ ಅದನ್ನು ಸತ್ಯಪರಿಶೀಲನೆ ಎಂದು ಕರೆಯಲಿಲ್ಲ. ಕೆಲಸದ ಅಂಗವಾಗಿ ಅದು ತಾನೇ ಆಗುತ್ತಿತ್ತು. ಇದೇ ಮೈಸೂರಿನ ರಾಮಚಂದ್ರ ಅಗ್ರಹಾರದಲ್ಲಿ ಪಂಡಿತ ವರದರಾಜ ಅಯ್ಯಂಗಾರ್ಯರು 1970ರಲ್ಲಿ ಶುರುಮಾಡಿದ ‘ಸುಧರ್ಮಾ’ ಎಂಬ ಸಂಸ್ಕೃತ ದಿನಪತ್ರಿಕೆ ಎಷ್ಟೋ ಕಾಲ ಹೀಗೆ ಕೈಮೊಳೆಯಲ್ಲೇ ಬಂತು.

ಕಂಪ್ಯೂಟರ್ ಬಂದಾಗ ಮೊದಲು ಹೋದವರು ಮೊಳೆ ಜೋಡಿಸುವವರು. ಅವರ ಹಿಂದೆಯೇ, ಸದ್ದಿಲ್ಲದೆ, ಪ್ರೂಫ್ ರೀಡರುಗಳು. ಮೊದಲನೆಯವರು ಹೋಗಿದ್ದು ತಂತ್ರಜ್ಞಾನದಿಂದ, ಒಪ್ಪೋಣ. ಎರಡನೆಯವರನ್ನು ಕಳಿಸಿದ್ದು ಬರೀ ಸಂಬಳದ ಲೆಕ್ಕ ಎಂದು ನನ್ನ ಅನುಮಾನ. ಪುಟ ಕಂಪ್ಯೂಟರಿನಲ್ಲೇ ಆದರೇನು, ಅದನ್ನು ಓದಲು ಇನ್ನೊಬ್ಬ ಮನುಷ್ಯ ಬೇಡವೇ?

ಇನ್ನೂ ಹಿಂದಕ್ಕೆ, ರಾತ್ರಿ ಎಂಟೂವರೆಗೆ, ಊರೊಳಗಿನ ಕಚೇರಿಯ ಮೊದಲ ಮಹಡಿಗೆ. ಮೆಟ್ಟಿಲ ಗೋಡೆಯ ಮೇಲೆ ಎಲೆ ಅಡಿಕೆಯ ಕಲೆ. ಒಳಗೆ ಟ್ಯೂಬ್‌ಲೈಟಿನ ಬಿಳುಪು, ಎ.ಸಿ.ಯ ಗೊರಗೊರ, ಗೋಡೆಯ ಮೇಲೆ ಮೂರು ಟಿ.ವಿ., ಮೂರರಲ್ಲೂ ಬಾಯಿ ಆಡುತ್ತಿದೆ, ಒಂದಕ್ಕೂ ಸೌಂಡಿಲ್ಲ. ಮೊದಲೆಲ್ಲ ಇಂಥ ಕೋಣೆಯ ಮೂಲೆಯಲ್ಲಿ ಟೆಲಿಪ್ರಿಂಟರು ಹಗಲು ರಾತ್ರಿ ಕಟಕಟ ಎನ್ನುತ್ತಾ ಮಾರುಗಟ್ಟಲೆ ಕಾಗದ ಕಕ್ಕುತ್ತಿತ್ತು. ಅದು ನಿಂತರೆ ಏನೋ ಆಗಿದೆ ಎಂದು ಎಲ್ಲರೂ ತಿರುಗಿ ನೋಡುತ್ತಿದ್ದರಂತೆ. ಈಗ ಸುದ್ದಿ ಬರುವುದು ಫೋನಿನ ಸಣ್ಣ ‘ಟಿಂಗ್’ನಲ್ಲಿ. ಮುಖ್ಯ ಉಪಸಂಪಾದಕಿಯ ಮೇಜಿನ ಮೇಲೆ ಎರಡು ಫೋನು, ಒಂದು ಕರಿದ ಕಡ್ಲೆಬೀಜದ ಪೊಟ್ಟಣ, ತಾಲ್ಲೂಕಿನ ಹೆಸರುಗಳನ್ನು ಕೈಯಲ್ಲಿ ಬರೆದು ಅಂಟಿಸಿದ ಪಟ್ಟಿ. ಬೀರುವಿನೊಳಗೆ ಡಿ.ವಿ. ಗುಂಡಪ್ಪನವರ ‘ವೃತ್ತಪತ್ರಿಕೆ’ ಪುಸ್ತಕವೂ ಇದೆ, ನಿಘಂಟಿನ ಕೆಳಗೆ, ದೂಳು ಹಿಡಿದು.

ಬರಹ ಬರುವ ರೀತಿ ನೋಡಬೇಕು. ಒಬ್ಬ ವರದಿಗಾರರು ಬಸ್ಸಿನಲ್ಲಿ ನಿಂತುಕೊಂಡೇ ಫೋನಿಗೆ ಬಾಯಲ್ಲಿ ಹೇಳಿ ಬರೆಸಿದ್ದಾರೆ. ‘ಕಬಿನಿ ನಾಲೆ’ ಎಂದಿದ್ದು ‘ಕಬ್ಬಿನ ಹಾಲೇ’ ಆಗಿದೆ. ಇನ್ನೊಬ್ಬರದು ಯೂನಿಕೋಡಿನಿಂದ ಪುಟವಿನ್ಯಾಸದ ಅಕ್ಷರಕ್ಕೆ ಬದಲಾಗುವಾಗ ಅರ್ಕಾವತ್ತುಗಳೆಲ್ಲ ಎಗರಿ ಬೇರೆ ಕಡೆ ಕೂತಿವೆ. ಉಪಸಂಪಾದಕರು ಗೊಣಗುತ್ತಾ ತಿದ್ದುತ್ತಾರೆ. ತಿದ್ದುವುದು ಅಕ್ಷರವನ್ನು ಮಾತ್ರವಲ್ಲ. ಪಕ್ಕದ ಮೇಜಿನ ಹುಡುಗಿ, ಕೆಲಸಕ್ಕೆ ಸೇರಿ ವರ್ಷವಾಗಿರಬೇಕು, ಬಾಲಕಿಯೊಬ್ಬಳ ಮೇಲಿನ ದೌರ್ಜನ್ಯದ ಸುದ್ದಿಯನ್ನು ಮುಗಿಸಿ ಹಿರಿಯರಿಗೆ ತೋರಿಸುತ್ತಾಳೆ. ಹೆಸರು ಹಾಕಿಲ್ಲ. ಆದರೂ ಅವರು ಓದುತ್ತಾ ಓದುತ್ತಾ ಊರಿನ ಹೆಸರು ತೆಗೆಸುತ್ತಾರೆ, ಶಾಲೆಯನ್ನು ತೆಗೆಸುತ್ತಾರೆ, ‘ಟೈಲರ್ ಒಬ್ಬರ ಮಗಳು’ ಎಂಬುದನ್ನೂ ತೆಗೆಸುತ್ತಾರೆ. ‘ಐವತ್ತು ಮನೆ ಊರಲ್ಲಿ ಎಷ್ಟು ಜನ ಟೈಲರ್ ಇರ್ತಾರಮ್ಮ?’ ಮಗುವಿನ ಗುರುತು ಹೊರಬೀಳುವ ಯಾವುದನ್ನೂ ಪ್ರಕಟಿಸಬಾರದೆಂದು 2012ರ ಪೋಕ್ಸೊ ಕಾಯ್ದೆಯೂ 2015ರ ಬಾಲನ್ಯಾಯ ಕಾಯ್ದೆಯೂ ಹೇಳುತ್ತವೆ. ಟೈಲರ್ ಎಂಬುದು ಗುರುತಾಗುತ್ತದೆ ಎಂದು ಮಾತ್ರ ಯಾವ ಕಾಯ್ದೆಯಲ್ಲೂ ಬರೆದಿಲ್ಲ. ಅದನ್ನು ಯಾರಾದರೂ ಪಕ್ಕದಲ್ಲಿ ಕೂತು ಹೇಳಿಕೊಡಬೇಕು. ಆತ್ಮಹತ್ಯೆಯ ಸುದ್ದಿಗೂ ಹೀಗೇ: ಹೇಗೆ ಸತ್ತರು ಎಂಬುದನ್ನು ಬಣ್ಣಿಸಬೇಡಿ, ಒಂದೇ ಕಾರಣ ಹೊರಿಸಬೇಡಿ ಎಂಬ ತಿಳಿವಳಿಕೆ ಮೊದಲಿನಿಂದ ಇತ್ತು ಎನ್ನಲಾಗದು. ಹಳೆಯ ಸಂಚಿಕೆಗಳನ್ನು ತಿರುವಿದರೆ ಈಗ ಮೈ ಜುಮ್ಮೆನ್ನುತ್ತದೆ. ಭಾರತೀಯ ಪತ್ರಿಕಾ ಮಂಡಳಿ 2019ರಲ್ಲಷ್ಟೇ ಇದಕ್ಕೊಂದು ಮಾರ್ಗಸೂಚಿ ಒಪ್ಪಿಕೊಂಡಿತು. ಹಿಂದಿನ ಕಾಲವೆಲ್ಲ ಚಿನ್ನವಾಗಿತ್ತು ಎನ್ನುವವರು ಆ ಸಂಚಿಕೆಗಳನ್ನು ಒಮ್ಮೆ ನೋಡಬೇಕು.

ಎಂಟೂ ಮುಕ್ಕಾಲಿಗೆ ಆ ವಿಡಿಯೊ ಬಂತು. ಇಪ್ಪತ್ತೆರಡು ಸೆಕೆಂಡಿನದು. ಓಣಿಯೊಂದರಲ್ಲಿ ಚಿರತೆ ಗೋಡೆ ಹಾರಿ ಓಡುತ್ತದೆ, ಯಾರೋ ಕಿರುಚುತ್ತಾರೆ, ಚಿತ್ರ ಅಲ್ಲಾಡುತ್ತದೆ. ಜೊತೆಗೆ ಬಂದ ಬರಹ: ತಿ. ನರಸೀಪುರದಲ್ಲಿ ಚಿರತೆ, ಇಬ್ಬರ ಮೇಲೆ ದಾಳಿ, ಎಲ್ಲರಿಗೂ ಕಳಿಸಿ. ಕಿಟಕಿ ಪಕ್ಕದ ಸಾಲಿನಲ್ಲಿ ಕೂತಿರುವವರು ವೆಬ್‌ಸೈಟ್ ನೋಡಿಕೊಳ್ಳುವ ಹುಡುಗರು. ಅವರ ಗಡಿಯಾರವೇ ಬೇರೆ. ಅವರಿಗೆ ರಾತ್ರಿ ಹನ್ನೊಂದರ ಡೆಡ್‌ಲೈನ್ ಇಲ್ಲ, ಪ್ರತಿ ನಿಮಿಷವೂ ಡೆಡ್‌ಲೈನೇ. ಯಾವ ಸುದ್ದಿಯನ್ನು ಎಷ್ಟು ಜನ ಈಗ ಓದುತ್ತಿದ್ದಾರೆ ಎಂಬ ಅಂಕಿ ಅವರ ಎದುರಿನ ಪರದೆಯಲ್ಲಿ ಏರುತ್ತ ಇಳಿಯುತ್ತ ಇರುತ್ತದೆ. ‘ಮೇಡಂ, ಎರಡು ಚಾನೆಲ್‌ನವ್ರು ಹಾಕ್ಬಿಟ್ರು. ನಾವೂ ಹಾಕೋಣ್ವಾ? ಎನ್ನಲಾಗಿದೆ ಅಂತ ಸೇರಿಸ್ಬಿಡ್ತೀನಿ.’

ಈ ‘ಎನ್ನಲಾಗಿದೆ’ಯ ನೀರಲ್ಲಿ ಎಷ್ಟು ಪಾಪ ತೊಳೆದುಹೋಗಿದೆಯೋ! ಮೇಡಂ ಕಡ್ಲೆಬೀಜ ಬಾಯಿಗೆ ಹಾಕಿಕೊಂಡು ಕೇಳಿದ್ದು ಒಂದೇ ಮಾತು: ‘ರೇಂಜರ್‌ಗೆ ಫೋನ್ ಮಾಡಿದ್ರಾ?’ ಮಾಡಿಲ್ಲ. ಮಾಡಿದರೆ ಎತ್ತುತ್ತಿಲ್ಲ. ಹಾಗಾದರೆ ನಮ್ಮ ತಾಲ್ಲೂಕು ವರದಿಗಾರರು? ಅವರು ಮಧ್ಯಾಹ್ನವೇ ಹೋಗಿ ಬಂದು ಮೇಕೆ ಸತ್ತ ಸುದ್ದಿ ಕಳಿಸಿದ್ದಾರೆ, ಮನುಷ್ಯರ ಮಾತೇ ಅದರಲ್ಲಿಲ್ಲ. ಅಷ್ಟರಲ್ಲಿ ಫೋಟೊಗ್ರಾಫರು ಎದ್ದು ಬಂದು ವಿಡಿಯೊವನ್ನು ನಿಲ್ಲಿಸಿ, ಹಿಗ್ಗಿಸಿ ತೋರಿಸಿದರು. ಗೋಡೆಯ ಪಕ್ಕದ ಅಂಗಡಿಯ ಬೋರ್ಡು ದೇವನಾಗರಿಯಲ್ಲಿದೆ. ನರಸೀಪುರದ ಹಳ್ಳಿಯ ಚಿಲ್ಲರೆ ಅಂಗಡಿಗೆ ದೇವನಾಗರಿ ಬೋರ್ಡು ಎಲ್ಲಿಂದ ಬರಬೇಕು? ಒಂಬತ್ತೂ ಹತ್ತಕ್ಕೆ ವಲಯ ಅರಣ್ಯಾಧಿಕಾರಿ ತಾವೇ ವಾಪಸು ಫೋನ್ ಮಾಡಿದರು. ಊಟಕ್ಕೆ ಕೂತಿದ್ದರಂತೆ. ಇಲ್ಲಿಯದಲ್ಲ, ಯಾರಿಗೂ ಏನೂ ಆಗಿಲ್ಲ, ದಯವಿಟ್ಟು ಬರೀರಿ ಎಂದರು. ಎಲ್ಲ ಸೇರಿ ಇಪ್ಪತ್ತೈದು ನಿಮಿಷ. ಮೊಳೆಯ ಕಾಲದಲ್ಲಿ ಯಂತ್ರವೇ ಕೊಡುತ್ತಿದ್ದ ಈ ಬಿಡುವನ್ನು ಈಗ ಯಾರಾದರೂ ಹಟ ಹಿಡಿದು ಕೂತು ಗಳಿಸಬೇಕು. ಹಟ ಹಿಡಿಯುವವರು ಆ ರಾತ್ರಿ ರಜೆಯಲ್ಲಿದ್ದರೆ?

ಹಾಕಿಬಿಟ್ಟ ಚಾನೆಲ್‌ಗಳು ಹತ್ತು ಗಂಟೆಗೆ ಆ ವಿಡಿಯೊ ತೆಗೆದವು. ತೆಗೆದೆವು ಎಂದು ಹೇಳಲಿಲ್ಲ. ಅಚ್ಚಿನ ಪತ್ರಿಕೆಗೂ ಪರದೆಗೂ ಇರುವ ವ್ಯತ್ಯಾಸಗಳಲ್ಲಿ ನನ್ನನ್ನು ಹೆಚ್ಚು ಕಾಡುವುದು ಇದೇ. ಕಾಗದದ ಮೇಲಿನ ತಪ್ಪು ಅಳಿಸಲಾಗದು. ಮಾರನೆಯ ದಿನ ಒಳಪುಟದಲ್ಲಿ ‘ತಿದ್ದುಪಡಿ’ ಎಂದು ಹಾಕಿ ತಲೆತಗ್ಗಿಸಬೇಕು. ನೂರು ವರ್ಷವಾದರೂ ಗ್ರಂಥಾಲಯದಲ್ಲಿ ಆ ತಪ್ಪೂ ಇರುತ್ತದೆ, ಅದರ ತಿದ್ದುಪಡಿಯೂ ಇರುತ್ತದೆ. ಪರದೆಯ ಮೇಲೆ ತಲೆಬರಹ ಬದಲಾಗುತ್ತದೆ, ಫೋಟೊ ಮಾಯವಾಗುತ್ತದೆ, ಮೊದಲೇ ಓದಿ ಹೆದರಿದವರು ಹೆದರಿದಂತೆಯೇ ಉಳಿಯುತ್ತಾರೆ. ಯಾವಾಗ, ಏನು ತಿದ್ದಿದೆವು ಎಂದು ಸುದ್ದಿಯ ಕೆಳಗೆ ಬರೆಯುವ ಮರ್ಯಾದೆಯನ್ನು ಕೆಲವರು ಪಾಲಿಸುತ್ತಾರೆ. ಅದು ವಾಡಿಕೆಯಾಗಲು ಇನ್ನೂ ಕಾಲ ಬೇಕು. 2023ರಲ್ಲಿ ಕನ್ನಡದ ವಾಹಿನಿಯೊಂದು ಕೃತಕ ಬುದ್ಧಿಮತ್ತೆಯ ನಿರೂಪಕಿಯನ್ನೇ ತೆರೆಗೆ ತಂದಿತು. ನಗುಮುಖ, ತಡವರಿಕೆಯಿಲ್ಲದ ಮಾತು. ಆಕೆ ತಪ್ಪು ಓದಿದರೆ ಯಾರನ್ನು ಕೇಳಬೇಕು ಎಂದು ಕಡ್ಲೆಬೀಜದ ಮೇಜಿನ ಸುತ್ತ ಅವತ್ತು ಚರ್ಚೆಯಾಗಿತ್ತಂತೆ; ಪೊಟ್ಟಣ ಖಾಲಿಯಾಯಿತು, ಉತ್ತರ ಸಿಗಲಿಲ್ಲ.

ಹಾಗೆಂದು ಗಾಳಿಸುದ್ದಿ ಫೋನಿನ ಜೊತೆ ಹುಟ್ಟಿದ್ದಲ್ಲ. ಕನ್ನಡದ ಮೊದಲ ಪತ್ರಿಕೆಯೇ ಅದರ ಕಾಟಕ್ಕೆ ಹುಟ್ಟಿತು ಎನ್ನಬಹುದು. 1843ರ ಜುಲೈ 1ರಂದು ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಕಲ್ಲಚ್ಚಿನಲ್ಲಿ ಹೊರತಂದ ‘ಮಂಗಳೂರು ಸಮಾಚಾರ’ದ ಮೊದಲ ಸಂಚಿಕೆಯಲ್ಲೇ ಆ ಮಾತಿದೆ. ಬೆಳಿಗ್ಗೆ ಯಾರಾದರೂ ಕಚೇರಿಯ ಹತ್ತಿರ ಒಂದು ಸುಳ್ಳು ಹುಟ್ಟಿಸಿದರೆ ಸಂಜೆಯೊಳಗೆ ಅದು ಊರೆಲ್ಲ ಹಬ್ಬುತ್ತದೆ ಎಂಬ ದೂರು. ಪತ್ರಿಕೆ ಹದಿನೈದು ದಿನಕ್ಕೊಮ್ಮೆ ಬರುತ್ತಿತ್ತು, ಸುಳ್ಳಿಗೆ ಒಂದೇ ದಿನ ಸಾಕಿತ್ತು. ಓಟದಲ್ಲಿ ಯಾರು ಮುಂದಿದ್ದರೆಂದು ಹೇಳಬೇಕಾಗಿಲ್ಲ. ಜುಲೈ 1ನ್ನೇ ನಾವು ಪತ್ರಿಕಾ ದಿನವೆಂದು ಆಚರಿಸುತ್ತೇವೆ; ಹಾರ, ಶಾಲು, ಭಾಷಣ, ಊಟ.

ಪತ್ರಿಕೆಗೆ ಹೊಣೆ ಹೊರುವುದೆಂದರೆ ಕೆಲವೊಮ್ಮೆ ಅದನ್ನು ನಿಲ್ಲಿಸುವುದೂ ಹೌದೆಂದು ಇದೇ ಮೈಸೂರು ತೋರಿಸಿದೆ. 1908ರಲ್ಲಿ, ವಿ.ಪಿ. ಮಾಧವರಾಯರು ದಿವಾನರಾಗಿದ್ದಾಗ, ಸಂಸ್ಥಾನದಲ್ಲಿ ಪತ್ರಿಕೆ ನಡೆಸಲು ಸರ್ಕಾರದ ಅಪ್ಪಣೆ ಬೇಕೆಂಬ ಕಾನೂನು ಬಂತು. ಊರಿಗೆಲ್ಲ ತಾತಯ್ಯನೆನಿಸಿಕೊಂಡಿದ್ದ ಎಂ. ವೆಂಕಟಕೃಷ್ಣಯ್ಯನವರು ಅಪ್ಪಣೆ ಕೇಳುವುದಕ್ಕಿಂತ ಮುಚ್ಚುವುದೇ ವಾಸಿ ಎಂದು ತಮ್ಮ ಪತ್ರಿಕೆಗಳನ್ನು ನಿಲ್ಲಿಸಿಬಿಟ್ಟರು. 1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಬಂದಾಗ ಸುದ್ದಿ ಅಚ್ಚಿಗೆ ಹೋಗುವ ಮೊದಲು ಸೆನ್ಸಾರಿನ ಕಣ್ಣಿಗೆ ಬೀಳಬೇಕಾಯಿತು. ಈಗ ಯಾರೂ ಅಪ್ಪಣೆ ಕೇಳಿ ಎನ್ನುವುದಿಲ್ಲ. ಜಾಹೀರಾತು ನಿಲ್ಲುತ್ತದೆ, ಅಷ್ಟೇ. ಅದಕ್ಕೆ ಕಾನೂನು ಬೇಕಾಗಿಲ್ಲ, ಒಂದು ಫೋನು ಸಾಕು.

ಈಗ ಸುದ್ದಿ ಹುಟ್ಟಿದ ಜಾಗಕ್ಕೆ ಹೋಗೋಣ. ಅವತ್ತೇ ಮಧ್ಯಾಹ್ನ, ಎರಡರ ಬಿಸಿಲು. ಕಾವೇರಿ ಕಪಿಲೆಯರು ಕೂಡುವ ತಿರುಮಕೂಡಲು ದಾಟಿ ನಾಲೆಯ ಪಕ್ಕದ ಮಣ್ಣುದಾರಿ ಹಿಡಿದರೆ ಎರಡೂ ಕಡೆ ಕಬ್ಬು. ಆಳು ನಿಂತರೂ ಕಾಣದಷ್ಟು ಎತ್ತರದ, ದಟ್ಟ ಕಬ್ಬು. ಗಾಳಿ ಬಂದರೆ ಗರಿ ಸವರುವ ಸದ್ದು, ನಾಲೆ ನೀರಿನ ಪಾಚಿ ವಾಸನೆ. ಚಿರತೆ ಈ ಕಬ್ಬಿನೊಳಗೆ ಮರಿ ಹಾಕಿ ಸಾಕುತ್ತದೆ. 2022ರ ಕೊನೆಗೂ 2023ರ ಜನವರಿಗೂ ನಡುವೆ ಈ ತಾಲ್ಲೂಕಿನಲ್ಲಿ ನಾಲ್ವರು ಚಿರತೆಗೆ ಬಲಿಯಾಗಿದ್ದರು. ಆ ದಿನಗಳ ಅಂಜಿಕೆ ಇನ್ನೂ ಹೋಗಿಲ್ಲ. ಚಿರತೆ ಎಂಬ ಮಾತು ಕಿವಿಗೆ ಬಿದ್ದರೆ ಸಂಜೆ ಐದಕ್ಕೇ ಬಾಗಿಲು ಹಾಕಿಕೊಳ್ಳುತ್ತಾರೆ, ಹೊಲದ ಕೆಲಸಕ್ಕೆ ಆಳು ಬರುವುದಿಲ್ಲ, ಮಕ್ಕಳನ್ನು ಶಾಲೆಗೆ ಕಳಿಸುವುದಿಲ್ಲ. ಎಲ್ಲಿಯದೋ ಓಣಿಯ ಇಪ್ಪತ್ತೆರಡು ಸೆಕೆಂಡಿಗೆ ಇಲ್ಲಿ ತೆರುವ ಬೆಲೆ ಅದು.

ವರದಿಗಾರರ ಬೈಕು ಹಳೆಯದು. ಮುಂದಿನ ಗಾಜಿನ ಮೇಲೆ ‘ಪ್ರೆಸ್’ ಎಂಬ ಕೆಂಪಕ್ಷರ ಬಿಸಿಲಿಗೆ ಮಾ‌ಸಿದೆ. ತಾಲ್ಲೂಕು ಆಫೀಸಿನ ಎದುರು ಅವರದೊಂದು ಜೆರಾಕ್ಸ್ ಅಂಗಡಿಯಿದೆ. ಅದೇ ಅನ್ನ, ಪತ್ರಿಕೆ ಕೊಡುವ ಸಂಭಾವನೆ ಪೆಟ್ರೋಲಿಗೂ ಸಾಲದು. ಈ ಕೆಲಸಕ್ಕೆ ಬಂದ ಹೊಸದರಲ್ಲಿ ಕೈಯಲ್ಲೇ ಬರೆದು, ಲಕೋಟೆಯ ಮೇಲೆ ದೊಡ್ಡದಾಗಿ ‘ಪ್ರೆಸ್ ಕವರ್, ತುರ್ತು’ ಎಂದು ಬರೆದು, ಮೂರೂವರೆಯ ಬಸ್ಸಿನ ಕಂಡಕ್ಟರಿಗೆ ಕೊಡುತ್ತಿದ್ದರು. ಮೈಸೂರಿನ ಬಸ್ ಸ್ಟ್ಯಾಂಡಿನಲ್ಲಿ ಆಫೀಸಿನ ಹುಡುಗ ಕಾದಿರುತ್ತಿದ್ದ. ಬಸ್ಸು ಕೆಟ್ಟರೆ ಸುದ್ದಿ ಒಂದು ದಿನ ಹಳೆಯದು. ಈಗ ಕಬ್ಬಿನ ಗದ್ದೆಯ ಬದುವಿನಲ್ಲಿ ನಿಂತೇ ಫೋಟೊ ಸಮೇತ ಕಳಿಸುತ್ತಾರೆ, ನೆಟ್‌ವರ್ಕ್ ಸಿಕ್ಕಿದರೆ.

ಮೇಕೆಯ ಯಜಮಾನ ಜಗುಲಿಯ ಕಂಬಕ್ಕೆ ಒರಗಿ ಕೂತಿದ್ದರು. ಅವರಿಗೆ ಬೇಸರ ಚಿರತೆಯ ಮೇಲಷ್ಟೇ ಅಲ್ಲ. ಬೆಳಿಗ್ಗೆ ಕ್ಯಾಮೆರಾ ಹಿಡಿದು ಬಂದವರು ಅವರನ್ನು ಮೂರು ಸಲ ಕೊಟ್ಟಿಗೆಯಿಂದ ಓಡಿ ಬರುವಂತೆ ಮಾಡಿದ್ದರು. ‘ಅಳಿ ಅಂದ್ರು ಕಣ್ರಣ್ಣ. ನಂಗೆ ಅಳು ಬರ್ಲಿಲ್ಲ, ಬಯ್ಯೋಂಗಾಯ್ತು.’ ವರದಿಗಾರರು ಮೊದಲು ನೀರು ಕೇಳಿ ಕುಡಿದರು. ಆಮೇಲೆ ಕೊಟ್ಟಿಗೆ ನೋಡಿದರು, ಹಿಂದಿನ ಬೇಲಿ ಎಲ್ಲಿ ಮುರಿದಿದೆ ನೋಡಿದರು, ಹಸಿ ಮಣ್ಣಿನಲ್ಲಿ ಹೆಜ್ಜೆ ಇದ್ದ ಕಡೆ ಫಾರೆಸ್ಟ್ ಗಾರ್ಡು ಸುಣ್ಣದಲ್ಲಿ ಗೀಚಿದ ಗೆರೆ ನೋಡಿದರು. ನೀವೇ ಕಣ್ಣಾರೆ ಕಂಡಿರಾ ಎಂದು ಕೇಳಿದರು. ಇಲ್ಲ, ಪಕ್ಕದ ಮನೆಯವರು. ಪಕ್ಕದ ಮನೆಯವರನ್ನು ಕೇಳಿದರು. ಅವರು ಕಂಡಿದ್ದು ಬಾಲ ಮಾತ್ರ. ಎಷ್ಟು ಹೊತ್ತಿಗೆ? ಕರೆಂಟು ಹೋದ ಮೇಲೆ. ಕರೆಂಟು ಎಷ್ಟು ಹೊತ್ತಿಗೆ ಹೋಯಿತು? ಹೀಗೆ ಒಂದನ್ನೊಂದು ಹಿಡಿದುಕೊಂಡು ಎಂಟೂವರೆಗೆ ಬಂದು ನಿಂತಿತು ಲೆಕ್ಕ. ಈ ಕೆಲಸವನ್ನು ಕಾಲೇಜಿನಲ್ಲೂ ಕಲಿಸುತ್ತಾರೆ; ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ನಾಡಿಗ ಕೃಷ್ಣಮೂರ್ತಿಯವರು 1951ರಲ್ಲೇ ಪತ್ರಿಕೋದ್ಯಮದ ಪಾಠ ಶುರುಮಾಡಿದ್ದರು. ಈ ವರದಿಗಾರರು ಆ ಮೆಟ್ಟಿಲು ಹತ್ತಿದವರಲ್ಲ. ಕರೆಂಟು ಹೋದ ಹೊತ್ತನ್ನು ಕೇಳಬೇಕೆಂದು ಅವರಿಗೆ ಯಾರು ಹೇಳಿಕೊಟ್ಟರೋ.

ಯಜಮಾನರಿಗೆ ಒಂದೇ ಚಿಂತೆ. ಪರಿಹಾರದ ಅರ್ಜಿಯ ಜೊತೆ ಪೇಪರ್ ಕಟಿಂಗೂ ಇಟ್ಟರೆ ಕೆಲಸ ಬೇಗ ಆಗುತ್ತದಂತೆ, ಯಾರೋ ಹೇಳಿದ್ದಾರೆ. ಮೇಕೆ ಎರಡು ಎಂದು ಬರೆಯಲು ಆಗುತ್ತದಾ? ವರದಿಗಾರರು ನಕ್ಕು, ಇನ್ನೊಂದು ಅಲ್ಲೇ ಹುಲ್ಲು ಮೇಯುತ್ತಿದೆಯಲ್ಲ ಯಜಮಾನ್ರೆ ಎಂದರು. ಯಜಮಾನರೂ ನಕ್ಕರು.

ಊರಿಗೆ ವಾಪಸಾಗುವಾಗ ಬೈಕು ನೇರ ಅಂಗಡಿಗೆ ಹೋಗಲಿಲ್ಲ. ಹಬ್ಬದ ವಿಶೇಷ ಪುರವಣಿಗೆ ತಾಲ್ಲೂಕಿನಿಂದ ಇಷ್ಟು ಜಾಹೀರಾತು ಬರಬೇಕೆಂದು ಕಚೇರಿಯಿಂದ ಫರ್ಮಾನು ಬಂದಿದೆ. ಸುದ್ದಿ ಬರೆಯುವವನೇ ಜಾಹೀರಾತು ಕೇಳಬೇಕು. ಎಷ್ಟೋ ತಾಲ್ಲೂಕುಗಳಲ್ಲಿ ಇದೇ ಪದ್ಧತಿ, ಯಾರೂ ಇದನ್ನು ಬರೆದುಕೊಡುವುದಿಲ್ಲ. ಬೇರೆ ದಾರಿ ಹುಡುಕಿದವರು ಕನ್ನಡದಲ್ಲಿ ಇಲ್ಲದಿಲ್ಲ. 1980ರಲ್ಲಿ ಶುರುವಾದ ‘ಲಂಕೇಶ್ ಪತ್ರಿಕೆ’ ಜಾಹೀರಾತೇ ಇಲ್ಲದೆ ಓದುಗರು ಕೊಟ್ಟ ಕಾಸಿನಲ್ಲಿ ನಡೆಯಿತು. ವಡ್ಡರ್ಸೆ ರಘುರಾಮ ಶೆಟ್ಟರು 1984ರಲ್ಲಿ ಜನರಿಂದಲೇ ಷೇರು ಕೂಡಿಸಿ ಮಂಗಳೂರಿನಲ್ಲಿ ‘ಮುಂಗಾರು’ ದಿನಪತ್ರಿಕೆ ಕಟ್ಟಿದರು, ಅದು ಬಹಳ ಕಾಲ ಬಾಳಲಿಲ್ಲ. ಬೆಳಿಗ್ಗೆ ಐದಾರು ರೂಪಾಯಿಗೆ ಸಿಗುವ ಪತ್ರಿಕೆಯ ಖರ್ಚು ಆ ಐದಾರು ರೂಪಾಯಿಯಲ್ಲಿ ಹುಟ್ಟುವುದಿಲ್ಲ. ಮಿಕ್ಕಿದ್ದನ್ನು ಯಾರು ಕೊಡುತ್ತಾರೋ ಅವರ ಮನೆ ಬಾಗಿಲಿಗೆ ಈ ಬೈಕು ಹೋಗಬೇಕು.

ಹೋಗಿ ನಿಂತಿದ್ದು ಗುತ್ತಿಗೆದಾರರೊಬ್ಬರ ಆಫೀಸಿನ ಮುಂದೆ. ಹೊರಗೆ ಜೆ.ಸಿ.ಬಿ., ಒಳಗೆ ಊದುಬತ್ತಿ ವಾಸನೆ, ಗಾಜಿನ ಮೇಜು, ಅದರ ಮೇಲೆ ನಿನ್ನೆಯ ಪೇಪರು. ಹದಿನೈದು ದಿನದ ಕೆಳಗೆ ಇವರು ಹಾಕಿದ ರಸ್ತೆ ಒಂದೇ ಮಳೆಗೆ ಕಿತ್ತುಹೋದ ಸುದ್ದಿಯನ್ನು ಫೋಟೊ ಸಮೇತ ಬರೆದಿದ್ದವರು ಇದೇ ವರದಿಗಾರರು. ಗುತ್ತಿಗೆದಾರರು ಕುರ್ಚಿಯಿಂದ ಎದ್ದು, ಕೈ ಮುಗಿದು, ಹುಡುಗನನ್ನು ಟೀ ತರಲು ಓಡಿಸಿದರು.

‘ಬನ್ನಿ ಬನ್ನಿ, ಕೂತ್ಕೊಳಿ. ನಮ್ಮ ರೋಡಿನ ಬಗ್ಗೆ ಭಾಳ ಚೆನ್ನಾಗಿ ಬರ್ದಿದ್ರಿ, ನಮ್ಮನೇಲೂ ಓದಿದ್ರು’ ಎಂದರು. ‘ಈಗ ಎಷ್ಟು ಸೆಂಟಿಮೀಟರ್ ಬೇಕು, ಹೇಳಿ.’